ಗೋಡೆಯಾಚೆಯ ಹೊನ್ನಿ

ಹೋದ ವಾರ ಮೂರನೆಯ ಮಹಡಿಯ ಮನೆಯಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿದರು. ಮಧ್ಯಾಹ್ನ ಆ ಮನೆಯ ಅಜ್ಜಿ ಸ್ಟೀಲಿನ ಡಬ್ಬಿಯಲ್ಲಿ ಗುಗ್ಗರಿ ತಂದುಕೊಟ್ಟರು. ಬೇಯಿಸಿದ ಕಡಲೆ, ಮೇಲೆ ಹಸಿ ಕೊಬ್ಬರಿ ತುರಿ, ಇಂಗಿನ ಒಗ್ಗರಣೆ. ಮುಚ್ಚಳ ತೆಗೆದ ಕೂಡಲೇ ಬಿಸಿ ಕಡಲೆಯ ವಾಸನೆ ಅಡುಗೆಮನೆಯ ತುಂಬ ಹರಡಿತು... ಮುಚ್ಚಳ ಮತ್ತೆ ಹಾಕಿದೆ. ಸಂಜೆ ಕೆಲಸದವಳು ಬಂದಾಗ ಡಬ್ಬಿಯನ್ನು ಹಾಗೆಯೇ ಅವಳ ಕೈಗೆ ಕೊಟ್ಟೆ. ಹೆಸರಿಟ್ಟ ಮನೆಯ ಗುಗ್ಗರಿಯನ್ನು ಬಾಯಿಗೆ ಹಾಕಿಕೊಳ್ಳದೆ ಸಾಗಹಾಕುವುದು ಒಳ್ಳೆಯದಲ್ಲ, ನನಗೂ ಗೊತ್ತು. ಆದರೆ ಆ ವಾಸನೆ ಬಂದರೆ ಎದುರುಮನೆಯ ಕಾಕಾ ಬರುತ್ತಾರೆ. ಅವರ ಹಿಂದೆ ಹೊನ್ನಿ ಬರುತ್ತಾಳೆ. ಆಮೇಲೆ ನನಗೆ ಊಟ ಸೇರುವುದಿಲ್ಲ.

ಠಾಣೆ ಜಿಲ್ಲೆಯ ಸಾನಪಾಡಾದಲ್ಲಿ ನಮ್ಮ ವಸತಿ ಸೊಸೈಟಿ ಇರುವುದು ಸೆಕ್ಟರಿನ ಕಟ್ಟಕಡೆಗೆ. ಹಿಂದೆ ಒಂದು ಗೋಡೆ, ಗೋಡೆಯಾಚೆ ಕೆಸರಿನಲ್ಲಿ ಬೇರು ಬಿಟ್ಟು ನಿಂತ ಕಾಂಡ್ಲಾ ಕಾಡು, ಅದರಾಚೆ ಖಾಡಿ ಎಂದು ಕರೆಯುವ ಸಮುದ್ರದ ಹಿನ್ನೀರು. ನಾನು ಧಾರವಾಡದ ಕಡೆಯವಳು. ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಮೇಟ್ರನ್ ಆಗಿ ನಿವೃತ್ತಳಾಗಿ ಈ ಮನೆಗೆ ಬಂದೆ. ಕಾಕಾ ಅದೇ ವರ್ಷ ಎದುರಿನ ಬಾಗಿಲಿಗೆ ಬಂದರು. ಕುಂದಾಪುರದ ಕಡೆಯವರು, ಹೋಟೆಲಿನ ಅಡುಗೆಯವರು. ಠಾಣೆಯ ಹೋಟೆಲುಗಳಲ್ಲಿ ವಯಸ್ಸು ಕಳೆದು, ಕೊನೆಯ ಕೆಲವು ವರ್ಷ ರುವಾಂಡಾದ ಕಿಗಾಲಿಯಲ್ಲಿ ತಮ್ಮೂರಿನವರೊಬ್ಬರ ಹೋಟೆಲಿನಲ್ಲಿ ಕೆಲಸ ಮಾಡಿ, ಮಂಡಿ ಸೋತ ಮೇಲೆ ಹಿಂದಿರುಗಿದ್ದರು. ಹೆಂಡತಿ ತೀರಿಕೊಂಡಿದ್ದರು. ಮಗಳು ಠಾಣೆಯ ಪಕ್ಕದ ಕಳವಾ ಎಂಬ ಊರಿನಲ್ಲಿದ್ದಳು.

ಅವರಿಗೆ ಮಾತು ಬಹಳ. ಬೆಳಗಿನ ಹಾಲಿನವನಿಂದ ಹಿಡಿದು ಸಂಜೆ ಲಿಫ್ಟ್ ರಿಪೇರಿಯವನವರೆಗೆ ಎಲ್ಲರಿಗೂ ಆಫ್ರಿಕಾದ ಕತೆ ಹೇಳುತ್ತಿದ್ದರು. ಅಲ್ಲಿನ ಹುರುಳಿ ಗಾತ್ರದ ಬೇಳೆಯಲ್ಲಿ ಸಾಂಬಾರು ಕುದಿಸಿದ್ದು, ಹುಳಿಗೆ ಹುಣಿಸೆ ಸಿಗದೆ ಯಾವುದೋ ಕಾಯಿ ಹಿಂಡಿದ್ದು... ಇವನ್ನೆಲ್ಲ ಜನ ನಂಬಿದರು. ಗೊರಿಲ್ಲಾ ಮರಿಗಳಿಗೆ ಹೆಸರಿಡುವ ಸಮಾರಂಭಕ್ಕೆ ಊಟ ಬಡಿಸಿದ್ದೆ ಎಂದದ್ದನ್ನು ಮಾತ್ರ ಯಾರೂ ನಂಬಲಿಲ್ಲ. ನಮ್ಮ ಚೇರ್ಮನ್ ಸಾಹೇಬರು ಕಟ್ಟೆಯ ಮೇಲೆ ಕುಳಿತು, ಪಾಳಣಾ ಕೇವಢಾ ಹೋತಾ, ಕಾಕಾ, ಎಂದು ತೊಟ್ಟಿಲಿನ ಅಳತೆ ಕೇಳಿದರು. ಕಾಕಾ ಸಿಟ್ಟಾಗಲಿಲ್ಲ.

"ತೊಟ್ಟಿಲು ಎಂತಕ್ಕೆ ಮಾರಾಯ್ರೆ, ಮರಿಯೇ ಇರ್ಲಿಲ್ಲ ಅಲ್ಲಿ."

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಮದುಮಗನಿಲ್ಲದ ಮದುವೆ ಎಂದರು. ಅಂದಿನಿಂದ ಅವರು ಮಕ್ಕಳ ಬಾಯಲ್ಲಿ ಗೊರಿಲ್ಲಾ ಕಾಕಾ ಆದರು. ದೊಡ್ಡವರೂ ಹಾಗೆಯೇ ಕರೆಯತೊಡಗಿದರು.

ನನಗೆ ಅವರು ಪೂರ್ತಿ ಕತೆ ಹೇಳಿದ್ದು ನನ್ನ ಮನೆಯ ಮೇಜಿನ ಮುಂದೆ, ಚಹಾ ಆರಿಸಿಕೊಳ್ಳುತ್ತ. ಬೆಟ್ಟದ ಬುಡದ ಹಳ್ಳಿ. ಬಿದಿರಿನಲ್ಲಿ ಹೆಣೆದ ಮನೆಯೆತ್ತರದ ಗೊರಿಲ್ಲಾ ಗೊಂಬೆ. ಕಪ್ಪು ಉಣ್ಣೆಯ ವೇಷ ಹಾಕಿದ ಹಳ್ಳಿಯ ಮಕ್ಕಳು ಮರಿಗಳ ಬದಲಿಗೆ ನಿಲ್ಲುತ್ತಾರೆ. ಕರೆಸಿಕೊಂಡ ಹಿರಿಯರು ಒಬ್ಬೊಬ್ಬರಾಗಿ ಮುಂದೆ ಬಂದು, ಆ ವರ್ಷ ಹುಟ್ಟಿದ ಒಂದೊಂದು ಮರಿಗೆ ಹೆಸರು ಹೇಳಿ, ಆ ಹೆಸರು ಏಕೆಂದು ತಿಳಿಸುತ್ತಾರೆ. ಡೋಲು, ಕುಣಿತ, ಊಟ. ನಿಜವಾದ ಮರಿ ತಾಯಿಯ ಬೆನ್ನ ಮೇಲೆ ಬೆಟ್ಟದಲ್ಲೆಲ್ಲೋ ಇರುತ್ತದೆ. ಯಾರೂ ಅದನ್ನು ನೋಡಲು ಹತ್ತುವುದಿಲ್ಲ. ನೆಗಡಿ ಬಂದವರನ್ನಂತೂ ಆ ಕಾಡಿನ ಹತ್ತಿರಕ್ಕೂ ಬಿಡುವುದಿಲ್ಲವಂತೆ, ನಮ್ಮ ಕೆಮ್ಮು ಅವಕ್ಕೆ ತಗಲೀತೆಂದು. ವಾರ್ಡಿನವಳಾದ ನನಗೆ ಆ ನಿಯಮ ಬಹಳ ಹಿಡಿಸಿತು. ಆದರೆ ಕಾಣದ ಮರಿಗೆ ಹೆಸರು ಏಕೆ ಎಂದು ಕೇಳಿದೆ. ಮೊದಲೆಲ್ಲ ಅಲ್ಲಿಯವರು ಜಿಂಕೆಗೆ ಉರುಳು ಒಡ್ಡುತ್ತಿದ್ದರು, ಗೊರಿಲ್ಲಾ ಸಿಕ್ಕಿ ಸಾಯುತ್ತಿದ್ದವು, ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ ಎಂದರು. ಆಮೇಲೆ ಹೇಳಿದರು:

"ಹೆಸರಿಲ್ಲದ್ದು ಸತ್ರೆ ಒಂದು ಪ್ರಾಣಿ ಸತ್ತಿತು ಅಂತಾರೆ ಸಿಸ್ಟರ್. ಹೆಸರಿದ್ದದ್ದು ಸತ್ರೆ, ಯಾರು ಅಂತ ಕೇಳ್ತಾರೆ."

ನನ್ನ ವಾರ್ಡಿನಲ್ಲಿ ಕೂಸುಗಳಿಗೆ ಹೆಸರಿರಲಿಲ್ಲ. ಕೈಗೆ ಕಟ್ಟಿದ ಪಟ್ಟಿಯಲ್ಲಿ ತಾಯಿಯ ಹೆಸರು ಮಾತ್ರ. ಹೊಸ ನರ್ಸುಗಳು ಚಿನ್ನಿ, ಬಂಗಾರಿ ಎಂದು ಕರೆಯಲು ಶುರು ಮಾಡಿದರೆ ನಾನು ತಡೆಯುತ್ತಿದ್ದೆ. ಹೆಸರಿಟ್ಟು ಕರೆದ ಕೂಸು ಹೋದರೆ ಆ ಹುಡುಗಿಯರು ಮರುದಿನ ಡ್ಯೂಟಿಗೆ ಬರುತ್ತಿರಲಿಲ್ಲ. ಸ್ವಂತಕ್ಕೂ ನಾನು ಯಾರಿಗೂ ಹೆಸರಿಟ್ಟವಳಲ್ಲ. ಮದುವೆಯಾಗಲಿಲ್ಲ. ಅಣ್ಣನ ಮಕ್ಕಳನ್ನು ತೊಟ್ಟಿಲಿಗೆ ಹಾಕಿದಾಗ, ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆಯ ಜಾಗಕ್ಕೆ ಬೇರೆ ಯಾರನ್ನೋ ಕೂರಿಸಿದರು. ರಜೆ ಸಿಗಲಿಲ್ಲ ಎಂದು ಬರೆದಿದ್ದೆ. ರಜೆ ಕೇಳಿರಲಿಲ್ಲ.

ಆ ಬೇಸಿಗೆಯ ಕೊನೆಗೆ ಗೋಡೆಯಾಚೆ ಒಂದು ನರಿ ತನ್ನ ಮೂರು ಮರಿಗಳೊಡನೆ ಕಾಣಿಸಿಕೊಂಡಿತು. ಗೋಡೆಯ ಬುಡದಲ್ಲಿ ಮಳೆನೀರು ಹೋಗುವ ಕಿಂಡಿಯಿದೆ. ಮರಿಗಳು ಅಲ್ಲಿಗೆ ಮೂತಿ ತಂದು ನೋಡಿ ಓಡಿಹೋಗುತ್ತಿದ್ದವು. ಕಾಕಾ, ಇವತ್ತು ನರಿ ಮುಖ ನೋಡಿದ್ದೇನೆ, ಎಂದು ಹಿಗ್ಗಿ ಎಲ್ಲರಿಗೂ ಹೇಳಿಕೊಂಡು ಬಂದರು. ಉಳಿದವರಿಗೆ ಅದು ಅದೃಷ್ಟವಾಗಿ ಕಾಣಲಿಲ್ಲ. ವಾಚ್‌ಮನ್ ಕಲ್ಲು ಬೀಸಿದ. ತಾಯಂದಿರು ಮಕ್ಕಳನ್ನು ಕೆಳಗೆ ಆಡಲು ಬಿಡಲಿಲ್ಲ. ಸೊಸೈಟಿಯ ಮೀಟಿಂಗ್ ಸೇರಿತು. ಬೋನು ಇಡಿಸೋಣ ಎಂದರು ಕೆಲವರು. ಒಬ್ಬರು, ಅಷ್ಟೆಲ್ಲ ಯಾಕೆ, ಮಾಂಸದಲ್ಲಿ ಔಷಧ ಇಟ್ಟರೆ ಒಂದೇ ದಿನದ ಕೆಲಸ ಎಂದರು. ಯಾರೂ ಹೌದೆನ್ನಲಿಲ್ಲ, ಯಾರೂ ಬೇಡವೆನ್ನಲಿಲ್ಲ.

ಆಗ ಕಾಕಾ ಎದ್ದು, ಮರಿಗಳಿಗೆ ಹೆಸರಿಡೋಣ ಎಂದರು. ಸಭೆ ಗೊಳ್ಳೆಂದಿತು. ನಗು ನಿಂತ ಮೇಲೆ ನಾನು ಕೈಯೆತ್ತಿದೆ. ಔಷಧ ಎಂಬ ಮಾತನ್ನು ಆ ಅರ್ಥದಲ್ಲಿ ಕೇಳಿ ನನಗೆ ರೂಢಿಯಿರಲಿಲ್ಲ. ಹೆಸರಿಡುವ ಏರ್ಪಾಡು ನಾನು ನೋಡಿಕೊಳ್ಳುತ್ತೇನೆ ಎಂದೆ. ನಾನು ಕೈಗೆತ್ತಿಕೊಂಡ ಕೆಲಸ ಕೆಡುವುದಿಲ್ಲವೆಂದು ಸೊಸೈಟಿಗೆ ಗೊತ್ತಿತ್ತು. ನೀರಿನ ಟಾಕಿ ತೊಳೆಸುವ ಪಾಳಿ ಹಾಕಿದವಳು ನಾನೇ. ಹಾಗಾಗಿ ಒಪ್ಪಿದರು.

ಮರಿಯಿಲ್ಲದೆ ಹೆಸರಿಡುವುದು ಹೇಗೆಂದು ಹೆಂಗಸರು ಕೇಳಿದಾಗ ನನಗೆ ನಮ್ಮ ಕಡೆಯ ಪದ್ಧತಿ ನೆನಪಾಯಿತು. ತೊಟ್ಟಿಲಿಗೆ ಮೊದಲು ಕೂಸನ್ನು ಹಾಕುವುದಿಲ್ಲ. ರುಬ್ಬುವ ಗುಂಡಕಲ್ಲಿಗೆ ಕುಂಚಗಿ, ಅಂದರೆ ಕೂಸಿನ ಟೊಪ್ಪಿಗೆ ಕಟ್ಟಿ, ಅದನ್ನೇ ಕೂಸೆಂದು ತೊಟ್ಟಿಲಿನ ಕೆಳಗಿಂದ ಮೇಲಕ್ಕೆ ಕೈಬದಲಾಯಿಸಿ ಮಲಗಿಸುತ್ತೇವೆ. ಮರಾಠಿಯವರಲ್ಲೂ ಹೀಗೆಯೇ. ಅಮ್ಮನ ಕಾಲದ ಗುಂಡಕಲ್ಲು ನನ್ನ ಅಡುಗೆಮನೆಯಲ್ಲಿತ್ತು. ಅದೇ ಸಾಕೆಂದರು. ಕಾಕಾಗೆ ಹೇಳಿದಾಗ ಅವರು ಮಂಡಿ ತಟ್ಟಿಕೊಂಡು ನಕ್ಕರು. ಅವರು ಉಣ್ಣೆಯ ವೇಷ ಹಾಕ್ತಾರೆ, ನಾವು ಕಲ್ಲಿಗೆ ಟೊಪ್ಪಿ ಹಾಕ್ತೇವೆ, ಅಷ್ಟೇ ವ್ಯತ್ಯಾಸ ಎಂದರು.

ಮಳೆ ಹಿಡಿಯುವ ಮೊದಲು ಒಂದು ಭಾನುವಾರ ಅಂಗಳದಲ್ಲಿ ತೊಟ್ಟಿಲು ಕಟ್ಟಿದೆವು. ಮಕ್ಕಳು ಕಾಗದದ ಚೂಪು ಮೂತಿ ಮಾಡಿ ಹಾಕಿಕೊಂಡಿದ್ದರು. ಕಾಕಾ ದೊಡ್ಡ ಪಾತ್ರೆಯಲ್ಲಿ ಗುಗ್ಗರಿ ಬೇಯಿಸಿದರು. ಒಂದು ಮರಿಯ ಹೆಸರಾದ ಮೇಲೆ ಕಲ್ಲನ್ನು ತೊಳೆದು ಇನ್ನೊಂದಕ್ಕೆ ಬಳಸಬೇಕು ಎಂದು ನಾನು ಪಟ್ಟು ಹಿಡಿದೆ. ಚೇರ್ಮನ್ ಸಾಹೇಬರ ಹೆಂಡತಿ, ಹಾಂ ಸಿಸ್ಟರ್, ಇನ್ಫೆಕ್ಷನ್ ಆದೀತು ಕಲ್ಲಿಗೆ, ಎಂದು ಛೇಡಿಸುತ್ತಲೇ ನೀರು ಹಾಕಿದರು. ಮಕ್ಕಳು ಒಂದು ಮರಿಗೆ ಬುಲೆಟ್ ಎಂದು ಹೆಸರಿಟ್ಟರು. ಚೇರ್ಮನ್ ಅವರ ಮನೆಯವರು ಇನ್ನೊಂದಕ್ಕೆ ರಾಣಿ ಎಂದರು. ಮೂರನೆಯದಕ್ಕೆ ಸೋದರತ್ತೆ ಯಾರು ಎಂಬ ಮಾತು ಬಂತು. ಕಾಕಾ ನನ್ನನ್ನು ತೋರಿಸಿದರು.

ಅದು ಒಂದು ಕಿವಿಯ ತುದಿ ಹರಿದಿದ್ದ ಮರಿ. ಸಂಜೆಯ ಬಿಸಿಲಿಗೆ ಅದರ ಬೆನ್ನು ಹೊಳೆಯುವುದನ್ನು ನಾನು ಬಾಲ್ಕನಿಯಿಂದ ನೋಡಿದ್ದೆ. ಬಗ್ಗಿ ಕಲ್ಲಿನ ಬಳಿ ಹೊನ್ನಿ ಎಂದೆ. ಪದ್ಧತಿಯಂತೆ ಹೆಂಗಸರೆಲ್ಲ ನನ್ನ ಬೆನ್ನಿಗೆ ಗುದ್ದಿದರು. ತಣ್ಣನೆಯ ಕಲ್ಲು, ಕುಂಚಗಿಯೊಳಗೆ... ನನ್ನ ಕಣ್ಣು ಏಕೆ ತುಂಬಿತೆಂದು ಆಗ ತಿಳಿಯಲಿಲ್ಲ. ಹೊಗೆ ಎಂದು ಹೇಳಿದೆ. ಒಲೆ ಆರಿಸಿ ಬಹಳ ಹೊತ್ತಾಗಿತ್ತು.

ಕಾಕಾ ಹೇಳಿದ್ದು ನಿಜವಾಯಿತು. ವಾಚ್‌ಮನ್ ಕಲ್ಲು ಬಿಟ್ಟು, ಬುಲೆಟ್ ಇವತ್ತು ಏಡಿ ಹಿಡಿದ ಎಂದು ವರದಿ ಕೊಡತೊಡಗಿದ. ಔಷಧದ ಮಾತಾಡಿದವರೇ ತಮ್ಮ ಅಣ್ಣನ ಮನೆಯವರನ್ನು ಕರೆತಂದು ಬಾಲ್ಕನಿಯಿಂದ ರಾಣಿಯನ್ನು ತೋರಿಸಿದರು. ಇಷ್ಟಕ್ಕೇ ನಿಂತಿದ್ದರೆ...

ನಿಲ್ಲಲಿಲ್ಲ. ನಮ್ಮಲ್ಲಿ ಹೆಸರಿಟ್ಟ ಮೇಲೆ ಉಣ್ಣಿಸದೆ ಬಿಡುವುದುಂಟೇ? ಒಬ್ಬರು ಚಪಾತಿ ಎಸೆದರು, ಒಬ್ಬರು ಮೀನಿನ ತಲೆ. ಗೋಡೆಯ ಬಳಿ ಅನ್ನ ಕೊಳೆತು ಹೆಗ್ಗಣ ಸೇರಿದವು. ನನ್ನ ಕಣ್ಣಿಗೆ ಕಂಡದ್ದು ಉಣ್ಣಿಸುವ ತಪ್ಪಲ್ಲ, ಅವ್ಯವಸ್ಥೆ. ಯಾವ ದಿನ ಯಾವ ಮಹಡಿಯವರು ಹಾಕಬೇಕು, ಏನು ಹಾಕಬೇಕು, ಉಪ್ಪು ಖಾರ ಇರಬಾರದು, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಕಿಂಡಿಯ ಬಳಿಯ ಕಲ್ಲಿನ ಮೇಲೇ ಹಾಕಬೇಕು, ಮಿಕ್ಕದ್ದನ್ನು ತೆಗೆದು ತೊಳೆಯಬೇಕು ಎಂದು ಗೊತ್ತು ಮಾಡಿದೆ. ವಾರ್ಡಿನಲ್ಲಿ ಊಟದ ಗಾಡಿ ಬಂದಾಗ ತಟ್ಟೆ ಬಡಿಯುವ ರೂಢಿ ನಾನು ತಂದದ್ದು. ಇಲ್ಲಿಯೂ ಸ್ಟೀಲ್ ತಟ್ಟೆಗೆ ಚಮಚದಿಂದ ಬಡಿದೆ. ಕೆಲವೇ ದಿನಗಳಲ್ಲಿ ತಟ್ಟೆಯ ಸದ್ದಾದರೆ ಮೂರೂ ಮರಿಗಳು ಕಿಂಡಿಯ ಈಚೆಗೆ ಬಂದು ನಿಲ್ಲತೊಡಗಿದವು. ಹೊನ್ನಿ ಎಂದರೆ ಅವಳು ಕಿವಿ ತಿರುಗಿಸುತ್ತಿದ್ದಳು.

ಕಾಕಾ ಮಾತ್ರ ತಮ್ಮ ಪಾಳಿ ತಪ್ಪಿಸಿದರು. ನಾನು ಬಾಗಿಲು ತಟ್ಟಿ ಕೇಳಿದೆ.

"ಹೊಟ್ಟಿಗೆ ಹಾಕೂದು ತಪ್ಪೇನ್ರಿ ಕಾಕಾ? ಹೊತ್ತಿಗೆ ಸರಿಯಾಗಿ ಹಾಕಿದ್ರ ಯಾವ ಕೂಸೂ ಕೆಡೂದಿಲ್ಲ."

"ಕೂಸಲ್ಲ ಸಿಸ್ಟರ್ ಅದು, ನರಿ. ನಾವು ಹೆಸರಿಟ್ಟದ್ದು ಕರೀಲಿಕ್ಕೆ ಅಲ್ಲ."

"ಕರಿಯಾಕ ಅಲ್ಲಂದ್ರ ಹೆಸರು ಯಾಕ?"

"ನಮಗೆ ನೆನಪಿರ್ಲಿಕ್ಕೆ. ಅವಕ್ಕೆ ನಾವು ಇದ್ದೇವೆ ಅಂತಲೇ ಗೊತ್ತಾಗ್ಬಾರ್ದು."

ನಾನು ಒಪ್ಪಲಿಲ್ಲ. ಹೊಟ್ಟೆಗೆ ಹಾಕುವುದರಲ್ಲಿ ನನಗೆ ಪಾಠ ಹೇಳುವವರು ಬೇಕಿರಲಿಲ್ಲ. ನಾನು ವಾದಿಸುವಾಗ ದನಿ ಏರಿಸುವುದಿಲ್ಲ, ಬಿಡುವುದೂ ಇಲ್ಲ. ಇನ್ನೊಂದು ಕಡೆ ಕಟ್ಟೆಯವರು ಕಾಕಾರನ್ನು ಬಿಡಲಿಲ್ಲ. ಉಡುಪಿ ಹೋಟೆಲಿನವರು ಗಿರಾಕಿಯನ್ನು ಬಾಗಿಲಲ್ಲೇ ಉಪವಾಸ ನಿಲ್ಲಿಸಿದರು ಎಂದು ದಿನವೂ ಚುಚ್ಚಿದರು. ಬೇರೆ ಯಾವ ಮಾತಾದರೂ ಅವರು ತಡೆದುಕೊಳ್ಳುತ್ತಿದ್ದರೇನೋ. ಕೈಯಲ್ಲಿ ಸೌಟು ಹಿಡಿದು ಬದುಕಿದ ಮನುಷ್ಯನಿಗೆ ಆ ಮಾತು ನಾಟಿತು. ಒಂದು ಸಂಜೆ ಅವರ ಪಾಳಿಯ ದಿನ, ಒಣಮೀನು ಹಾಕಿ ಬೇಯಿಸಿದ ಉಪ್ಪಿಲ್ಲದ ಗಂಜಿಯ ಪಾತ್ರೆ ಹಿಡಿದು ಇಳಿದು ಬಂದರು. ಮರಿಗಳು ಕಲ್ಲನ್ನೂ ನೆಕ್ಕಿದವು. ಕಾಕಾ ಕುಕ್ಕುರುಗಾಲಲ್ಲಿ ಕುಳಿತು ನೋಡುತ್ತಿದ್ದರು. ಅವರ ಮುಖದಲ್ಲಿ ಸಂತೋಷವೂ ಇತ್ತು, ಇನ್ನೇನೋ ಇತ್ತು. ನಾನು ಗೆದ್ದೆನೆಂದುಕೊಂಡೆ.

ಗಣಪತಿ ಬಂತು. ಒಂದು ಸಂಜೆ ನಮ್ಮ ಸೊಸೈಟಿಯಲ್ಲಿ ಆರತಿ ತಡವಾಯಿತು. ಅತಿಥಿಗಳು ಬರುವವರೆಗೆ ಶುರುವಾಗಲಿಲ್ಲ. ನಾನು ಮುಂದಿನ ಸಾಲಿನಲ್ಲಿದ್ದೆ. ಮರಿಗಳಿಗೆ ಹಾಕುವ ಹೊತ್ತು ಮೀರುತ್ತಿತ್ತು, ಎದ್ದು ಹೋಗಿ ತಟ್ಟೆ ಬಡಿಯಬೇಕೆಂದು ಮೈಯೆಲ್ಲ ಹೇಳುತ್ತಿತ್ತು. ನಡುವೆ ಏಳುವುದು ಚೆನ್ನಾಗಿರುವುದಿಲ್ಲವೆಂದು ಕುಳಿತೆ. ಹಿಂದಿನ ಗೋಡೆ ನಮ್ಮಲ್ಲಿಗೇ ಮುಗಿಯುವುದಿಲ್ಲ. ಅದೇ ಗೋಡೆ ಪಕ್ಕದ ಸೊಸೈಟಿಯ ಹಿಂದೆಯೂ ಹೋಗುತ್ತದೆ. ಅಲ್ಲಿಯೂ ಕಿಂಡಿಯಿದೆ. ಅಲ್ಲಿ ಆರತಿ ಮೊದಲೇ ಶುರುವಾಗಿತ್ತು. ತಾಳ, ಜಾಗಟೆ, ಜೊತೆಗೆ ಮಕ್ಕಳು ಚಮಚದಿಂದ ಬಡಿಯುವ ಸ್ಟೀಲ್ ತಟ್ಟೆಗಳು...

ಹೊನ್ನಿ ಆ ಸದ್ದಿಗೆ ಹೋದಳು. ಕಿಂಡಿ ನುಸುಳಿ, ಪೆಂಡಾಲಿನ ಪಕ್ಕದಿಂದ ಜನರ ಕಾಲಿನ ಹತ್ತಿರ ಬಂದು, ನಮ್ಮಲ್ಲಿ ನಿಲ್ಲುವಂತೆಯೇ ನಿಂತಳಂತೆ. ಹೆಂಗಸರು ಕಿರುಚಿದರು. ಅವಳು ಓಡಲಿಲ್ಲ. ಅದೇ ಅವಳಿಗೆ ಮುಳುವಾಯಿತು. ಮನುಷ್ಯರನ್ನು ಕಂಡು ಓಡದ ನರಿಗೆ ಹುಚ್ಚು ಹಿಡಿದಿದೆ ಎಂದೇ ಯಾರಾದರೂ ತಿಳಿಯುತ್ತಾರೆ. ಅವರೂ ತಿಳಿದರು. ಪೆಂಡಾಲಿನ ಬಿದಿರು ಕೈಗೆ ಸಿಕ್ಕಿತು.

ಗಲಾಟೆ ಕೇಳಿ ನಾವು ಹೋಗುವಷ್ಟರಲ್ಲಿ ಮುಗಿದಿತ್ತು. ಹರಿದ ಕಿವಿ ಮೇಲಾಗಿ ಬಿದ್ದಿದ್ದಳು. ಆ ಜನರಲ್ಲಿ ಕ್ರೂರಿಗಳು ಯಾರೂ ಇರಲಿಲ್ಲ. ಹಣೆಗೆ ಕುಂಕುಮ ಹಚ್ಚಿಕೊಂಡು, ಬೆವರೊರೆಸಿಕೊಳ್ಳುತ್ತ, ಮಕ್ಕಳು ಉಳಿದರಲ್ಲ ಎಂದು ಸಮಾಧಾನ ಪಡುತ್ತಿದ್ದರು. ಕಾಕಾ ಅವರ ನಡುವೆ ನಿಂತು, ಒಬ್ಬೊಬ್ಬರ ಮುಖ ನೋಡುತ್ತ ಹೇಳಿದರು:

"ಇಸ್ಕಾ ನಾಮ್ ಹೊನ್ನಿ ಹೈ."

ಒಬ್ಬ ಯುವಕ, ಹಾಗಾದರೆ ಕೊರಳಿಗೆ ಪಟ್ಟಿ ಯಾಕೆ ಕಟ್ಟಲಿಲ್ಲ ಚಾಚಾ ಎಂದು ಕೇಳಿದ. ಗೇಲಿಗೆ ಕೇಳಿದನೋ, ನಿಜಕ್ಕೂ ತಿಳಿಯಲು ಕೇಳಿದನೋ. ಕಾಕಾ ಹೆಗಲ ಮೇಲಿನ ಟವೆಲು ತೆಗೆದು ಅವಳ ಮೇಲೆ ಹೊದಿಸಿದರು. ಮನೆಗೆ ಬರುವ ದಾರಿಯಲ್ಲಿ ನಮ್ಮ ಮಕ್ಕಳು ಏನಾಯಿತು ಎಂದು ಕೇಳಿದರು. ಹೊನ್ನಿ ದೊಡ್ಡವಳಾದಳು, ಖಾಡಿ ದಾಟಿ ಹೋದಳು ಎಂದು ಅವರಿಗೆ ಹೇಳಿದವರೂ ಕಾಕಾ ಅವರೇ.

ಮೀಟಿಂಗಿನಲ್ಲಿ ಎಲ್ಲರೂ ಕಾಕಾರ ಮೇಲೆ ಹರಿಹಾಯ್ದರು. ಆಫ್ರಿಕಾದ ಹುಚ್ಚನ್ನು ಇಲ್ಲಿಗೆ ತಂದರು, ನಾಳೆ ನಮ್ಮ ಮಕ್ಕಳನ್ನು ಕಚ್ಚಿದರೆ ಎಂದರು. ನಾನು ಎದ್ದು, ಪಾಳಿ ಹಾಕಿದವಳು ನಾನು, ತಟ್ಟೆ ಬಡಿದು ಕರೆದು ರೂಢಿ ಮಾಡಿದವಳು ನಾನು, ಕಾಕಾ ಬೇಡವೆಂದಿದ್ದರು ಎಂದು ಹೇಳಿದೆ. ಸ್ಪಷ್ಟವಾಗಿಯೇ ಹೇಳಿದೆ. ಚೇರ್ಮನ್ ಸಾಹೇಬರು ಕೈಮುಗಿದು, ಸಿಸ್ಟರ್, ನೀವು ಮಾಡಿದ್ದೆಲ್ಲ ಶಿಸ್ತಾಗಿಯೇ ಇತ್ತು, ಕೂತುಕೊಳ್ಳಿ ಎಂದರು. ಶಿಸ್ತಾಗಿಯೇ ಇತ್ತು. ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇರಲಿಲ್ಲ. ನನ್ನ ತಪ್ಪನ್ನು ಕೊಳ್ಳಲು ಆ ಸಭೆಯಲ್ಲಿ ಯಾರೂ ಸಿದ್ಧರಿರಲಿಲ್ಲ. ಕಾಕಾ ಕೂಡ. ಮೆಟ್ಟಿಲಲ್ಲಿ ನನ್ನನ್ನು ತಡೆದು, ಬೇಡ ಎಂದು ಗೊತ್ತಿದ್ದೂ ಗಂಜಿ ಕಾಯಿಸಿದವ ನಾನು, ಗೊತ್ತಿದ್ದವನದ್ದೇ ತಪ್ಪು ಎಂದರು.

ಆಮೇಲೆ ಅವರು ಬಂದು ಕೇಳಿದ್ದು ಒಂದೇ ಸಹಾಯ.

"ಇನ್ನೆರಡು ಉಂಟಲ್ಲ ಸಿಸ್ಟರ್. ಅವು ನಿಮ್ಮ ತಟ್ಟೆಗೆ ಬರ್ತವೆ. ನೀವೇ ಬಡೀಬೇಕು. ಬಂದ ಕೂಡ್ಲೆ ಕಲ್ಲು."

ನನಗೆ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು. ಸಂಜೆ ಇಬ್ಬರೂ ಗೋಡೆಯ ಬಳಿಗೆ ಹೋದೆವು. ಕಾಕಾ ಒಂದು ಖಾಲಿ ಎಣ್ಣೆ ಡಬ್ಬ, ಜಲ್ಲಿಕಲ್ಲು ತುಂಬಿದ ಬುಟ್ಟಿ ತಂದಿದ್ದರು. ನಾನು ತಟ್ಟೆ ಬಡಿದೆ. ಬುಲೆಟ್ ಮೊದಲು ಬಂದ, ಹಿಂದೆ ರಾಣಿ. ಕಲ್ಲಿನ ಮೇಲೆ ಏನೂ ಇಲ್ಲದ್ದನ್ನು ಮೂಸಿ ನಮ್ಮ ಕಡೆ ನೋಡಿದವು. ಕಾಕಾ ಡಬ್ಬ ಬಡಿದು ಕೂಗಿ ಕಲ್ಲು ಬೀಸಿದರು. ಮರಿಗಳು ಒಂದಿಷ್ಟು ಹಿಂದೆ ಸರಿದು ನಿಂತವು. ಆಟವೆಂದುಕೊಂಡವೋ ಏನೋ. ನೀವೂ ಎಸೀರಿ, ನಿಮ್ಮ ಕೈಯಿಂದ ಬೀಳ್ಬೇಕು ಎಂದರು ಕಾಕಾ. ನಾನು ಎಸೆದೆ. ನನ್ನ ಕಲ್ಲು ರಾಣಿಯ ಹಿಂಗಾಲಿಗೆ ತಗಲಿತು. ಅವಳು ಕುಯ್ಗುಟ್ಟಿ, ಕುಂಟುತ್ತ, ತಿರುಗಿ ಒಮ್ಮೆ ನೋಡಿ ಕಾಂಡ್ಲಾದೊಳಗೆ ಹೋದಳು. ಇಡೀ ಜನ್ಮದಲ್ಲಿ ನೋವಿಲ್ಲದಂತೆ ಸೂಜಿ ಚುಚ್ಚುವ ಕೈ ಎಂದು ಹೆಸರು ಪಡೆದಿದ್ದ ಕೈ ಅದು.

ಮರುದಿನವೂ ಹೋದೆವು. ಅದರ ಮರುದಿನವೂ. ಕಟ್ಟೆಯ ಮೇಲಿನವರು, ಹೆಸರಿಟ್ಟವರೇ ಹೊಡೆಯುತ್ತಿದ್ದಾರೆ ನೋಡಿ ಎಂದರು. ಕಾಕಾ ಎಸೆಯುವಾಗ ಪ್ರತಿ ಸಲವೂ ತುಟಿ ಅಲುಗಿಸುತ್ತಿದ್ದರು. ಮಂತ್ರವೆಂದುಕೊಂಡಿದ್ದೆ. ಹತ್ತಿರ ನಿಂತ ಮೇಲೆ ಕೇಳಿಸಿತು, ಹೋಗು ಮಗಾ, ಹೋಗು ಮಗಾ... ಕೊನೆಗೆ ಒಂದು ಸಂಜೆ ಎಷ್ಟು ಬಡಿದರೂ ಕಿಂಡಿಯಲ್ಲಿ ಯಾರೂ ಕಾಣಲಿಲ್ಲ. ಕಾಕಾ ಬುಟ್ಟಿಯನ್ನು ಕವುಚಿ ಹಾಕಿ, ಇನ್ನು ಬದುಕಿಕೊಳ್ತವೆ ಎಂದರು. ಬಾರದಿರಲಿ ಎಂದೇ ಬಡಿದಿದ್ದೆ. ಬಾರದಿದ್ದಾಗ ಕಿಂಡಿಯ ಬಳಿ ಬಗ್ಗಿ ನೋಡಿದೆ.

ಮುಂದಿನ ವರ್ಷ ಅವರು ಮನೆ ಖಾಲಿ ಮಾಡಿ ಕಳವಾಕ್ಕೆ ಮಗಳ ಮನೆಗೆ ಹೋದರು. ಮಂಡಿ ಪೂರ್ತಿ ಸೋತಿತ್ತು. ಸೊಸೈಟಿಯಲ್ಲಿ ಬೀಳ್ಕೊಡುವ ಮಾತು ಯಾರೂ ಎತ್ತಲಿಲ್ಲ. ನಾನು ಒಮ್ಮೆ ಹೋಗಿದ್ದೆ. ಒಂದೇ ಕೋಣೆ, ನಡುವೆ ಪರದೆ, ಕಿಟಕಿಯಾಚೆ ಲೋಕಲ್ ಗಾಡಿಗಳ ಸದ್ದು. ಮಗಳು ಚಹಾ ತಂದಳು. ಕಾಕಾ ನನ್ನ ರಕ್ತದೊತ್ತಡ ವಿಚಾರಿಸಿ, ಲಿಫ್ಟ್ ವಿಚಾರಿಸಿ, ಸುತ್ತಿ ಬಳಸಿ ಅಲ್ಲಿಗೇ ಬಂದರು. ಮುಸ್ಸಂಜೆಗೆ ಅವುಗಳ ಊಳು ಕೇಳ್ತದಾ ಎಂದರು. ಕೇಳ್ತದ ಎಂದೆ. ಕೇಳಿರಲಿಲ್ಲ. ಹತ್ತಿರ ಬರ್ತವಾ ಎಂದರು. ಇಲ್ಲ ಎಂದೆ. ಅದಾದರೂ ನಿಜ. ಅವರು ತಲೆದಿಂಬಿಗೆ ಒರಗಿ ಕಣ್ಣು ಮುಚ್ಚಿದರು, ಹಾಗಾದ್ರೆ ಸರಿ ಎಂದು ಹೇಳಿ. ಮತ್ತೆ ಹೋಗಬೇಕೆಂದು ಇಟ್ಟುಕೊಂಡಿದ್ದೆ. ಎಲ್ಲದಕ್ಕೂ ಹೊತ್ತು ಗೊತ್ತುಮಾಡುವ ನಾನು ಅದಕ್ಕೆ ಮಾತ್ರ ಮಾಡಲಿಲ್ಲ... ಅವರು ಹೋದ ಸುದ್ದಿ ಫೋನಿನಲ್ಲಿ ಬಂತು.

ಈಗ ಸೊಸೈಟಿಯ ಸೆಕ್ರೆಟರಿ ಒಬ್ಬ ಹುಡುಗಿ. ಮೊದಲನೆಯ ಮಹಡಿಯ ಉಡುಪಿಯವರ ಮಗಳು. ಅಂದು ಕಾಗದದ ಮೂತಿ ಹಾಕಿಕೊಂಡು ಕುಣಿದವರಲ್ಲಿ ಒಬ್ಬಳು. ಕನ್ನಡ ತಿಳಿಯುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ. ನಿನ್ನೆ ಬೆಳಗ್ಗೆ ಬಂದು, ಖಾಡಿಯ ಪ್ರಾಣಿಗಳಿಗಾಗಿ ಏನಾದರೂ ಮಾಡಬೇಕೆಂದಿದ್ದೇವೆ, ಮೊದಲಿನ ಹಾಗೆ ಮರಿಗಳಿಗೆ ಹೆಸರಿಡುವ ಕಾರ್ಯಕ್ರಮ ಇಟ್ಟುಕೊಳ್ಳುತ್ತೇವೆ, ನೀವೇ ಮುಂದೆ ನಿಂತು ನಡೆಸಿಕೊಡಬೇಕು ಎಂದಳು. ಫೋನಿನಲ್ಲಿ ಪೋಸ್ಟರ್ ತೋರಿಸಿದಳು. ಹೊನ್ನಿಯ ಮೊಮ್ಮಕ್ಕಳಿಗೆ ಹೆಸರಿಡೋಣ ಬನ್ನಿ ಎಂದು ಅದರಲ್ಲಿತ್ತು. ಹೊನ್ನಿ ಖಾಡಿ ದಾಟಿ ಹೋದಳು ಎಂದೇ ಅವಳು ಇಷ್ಟು ವರ್ಷ ನಂಬಿದ್ದಳು.

ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ತಟ್ಟೆ, ಪೆಂಡಾಲು, ಟವೆಲು, ಕಲ್ಲು. ಯಾವುದನ್ನೂ ಮೆದು ಮಾಡಲಿಲ್ಲ. ಹುಡುಗಿ ಫೋನನ್ನು ಎದೆಗೆ ಒತ್ತಿಕೊಂಡು ಕೇಳಿದಳು. ಆಮೇಲೆ, ತೋ ಫಿರ್ ಕರೇಂ ಯಾ ನಹೀ, ಆಂಟಿ ಎಂದು, ಮಾಡುವುದೋ ಬೇಡವೋ ಕೇಳಿದಳು.

"ಮಾಡ್ರಿ," ಎಂದೆ. "ಹೆಸರಿಡ್ರಿ, ಡೋಲು ಬಡೀರಿ, ಉಂಡು ಮನಿಗೆ ಹೋಗ್ರಿ. ಗೋಡೆ ಕಡೆ ಯಾರೂ ಹೋಗಬ್ಯಾಡ್ರಿ."

ಅವಳು ಪೋಸ್ಟರಿನ ಆ ಸಾಲನ್ನು ನನ್ನೆದುರೇ ಅಳಿಸಿದಳು. ಮೆಟ್ಟಿಲವರೆಗೆ ಹೋದವಳು ಏನೋ ನೆನಪಾಗಿ ತಿರುಗಿದಳು. ಊಟಕ್ಕೆ ಯಾರಿಗೆ ಹೇಳೋಣ, ಇಂಥ ಸಮಾರಂಭಕ್ಕೆ ಅಡುಗೆ ಮಾಡಿ ಗೊತ್ತಿರುವವರು ಯಾರಾದರೂ ಇದ್ದಾರಾ ಎಂದು ಕೇಳಿದಳು.

ಇಂಥ ಸಮಾರಂಭಕ್ಕೆ ಅಡುಗೆ ಮಾಡಿದವರು ನನಗೆ ಗೊತ್ತಿದ್ದದ್ದು ಒಬ್ಬರೇ. ಎದುರಿನ ಬಾಗಿಲಲ್ಲಿ ಈಗ ಬೇರೆ ಯಾರದೋ ಚಪ್ಪಲಿಗಳಿದ್ದವು.

"ಈಗ ಯಾರೂ ಇಲ್ಲ," ಎಂದೆ.